ಅಚ್ಚುಕೂಟದ ಕ್ರಯದಲ್ಲಿ ಮಡದಿಯ ಪಾಲು

ಮದುವೆ ಮುರಿದಾಗ ಮನೆಯ ಪಾತ್ರೆಪಡಗಗಳನ್ನು ಹಂಚುವುದು ಅಷ್ಟೇನೂ ಕಷ್ಟವಲ್ಲ. ಯಾವುದು ಯಾರ ತವರಿನಿಂದ ಬಂತೆಂದು ಹೇಳಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಗಂಡಹೆಂಡಿರು ಕೂಡಿ ಬೆಳೆಸಿದ ವ್ಯಾಪಾರ ಮಾರಾಟವಾಗಿ, ಅದರ ಹಣ ಕಣ್ಣೆದುರು ಬಂದು ನಿಂತಾಗ ಮಾತ್ರ ಹಿರಿಯರೂ ಮೌನ ತಾಳುತ್ತಾರೆ.

ಜಿಲ್ಲಾ ಪಟ್ಟಣವೊಂದರ ಅಚ್ಚುಕೂಟವನ್ನು ಊಹಿಸಿಕೊಳ್ಳಿ. ಫಲಕದ ಮೇಲೆ, ಬ್ಯಾಂಕಿನ ಖಾತೆಯಲ್ಲಿ, ಪರವಾನಗಿಯಲ್ಲಿ ಇರುವುದು ಗಂಡನ ಹೆಸರು. ಹೆಂಡತಿ ಇಪ್ಪತ್ತು ವರ್ಷ ಕರಡಚ್ಚು ತಿದ್ದಿದ್ದಾಳೆ. ಲಗ್ನಪತ್ರಿಕೆ ಮಾಡಿಸಲು ಬಂದವರನ್ನು ಕೂರಿಸಿ ಉಪಚರಿಸಿದ್ದಾಳೆ. ಬಾಕಿದಾರರಿಗೆ ಮುಖಭಂಗವಾಗದಂತೆ ನೆನಪು ಮಾಡಿದ್ದಾಳೆ. ಸಂಬಳದ ಪುಸ್ತಕದಲ್ಲಿ ಅವಳಿಲ್ಲ. ವಿಚ್ಛೇದನವಾಗುತ್ತದೆ, ಅಚ್ಚುಕೂಟ ಮಾರಾಟವಾಗುತ್ತದೆ. ಬ್ಯಾಂಕಿನ ಸಾಲ, ಕಾಗದದ ವ್ಯಾಪಾರಿಯ ಬಾಕಿ, ಕೆಲಸಗಾರರ ಗ್ರಾಚ್ಯುಯಿಟಿ, ಸರ್ಕಾರದ ತೆರಿಗೆ ಎಲ್ಲ ಕಳೆದು ಉಳಿದ ಹಣದಲ್ಲಿ ಹಳೆಯ ಯಂತ್ರಗಳ ಬೆಲೆ ಅತ್ಯಲ್ಪ. ಕೊಂಡವನು ದುಡ್ಡು ಸುರಿದದ್ದು ಆ ಹೆಸರಿಗೆ, ಆ ಗಿರಾಕಿಗಳಿಗೆ. ವರ್ತಕರು ಅದನ್ನು ಗುಡ್‌ವಿಲ್ ಎನ್ನುತ್ತಾರೆ. ಅದನ್ನು ಸಂಪಾದಿಸಿದವರು ಯಾರು?

1955ರ ಹಿಂದೂ ವಿವಾಹ ಕಾಯಿದೆ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಅದರ 27ನೆಯ ಪ್ರಕರಣ ಮದುವೆಯ ವೇಳೆಗೆ ಇಬ್ಬರಿಗೂ ಸೇರುವಂತೆ ಬಂದ ಉಡುಗೊರೆಗಳನ್ನು ಕುರಿತದ್ದು. 25ನೆಯದು ಜೀವನಾಂಶದ್ದು: ಉಭಯತರ ವರಮಾನ, ಆಸ್ತಿ, ನಡತೆಗಳನ್ನು ನೋಡಿ ನ್ಯಾಯಾಲಯ ಒಂದು ಮೊತ್ತವನ್ನು ಗೊತ್ತುಮಾಡಬಹುದು. ಅಚ್ಚುಕೂಟದ ಹಣ ಅಲ್ಲಿಗೆ ಬರುವುದು ಗಂಡನ ಶಕ್ತಿಯನ್ನಳೆಯುವ ಕೋಲಾಗಿ. ಹೆಂಡತಿ ಅಲ್ಲಿ ನಿಲ್ಲುವುದು ಪೋಷಣೆ ಬೇಡುವವಳಾಗಿ, ದುಡಿದವಳಾಗಿ ಅಲ್ಲ. ಅವಳ ಹೆಸರು ಪಾಲುದಾರಿಕೆಯ ಪತ್ರದಲ್ಲಿ ಇದ್ದಿದ್ದರೆ ಮಾತೇ ಬೇರೆ. 1932ರ ಪಾಲುದಾರಿಕೆ ಕಾಯಿದೆಯಂತೆ, ಬೇರೆ ಕರಾರಿಲ್ಲದಿದ್ದಲ್ಲಿ ಲಾಭ ಸಮಸಮ. ಲೆಕ್ಕ ತೀರಿಸುವಾಗ ಗುಡ್‌ವಿಲ್ ಕೂಡ ಆಸ್ತಿಯೇ. ಕೇವಲ ಪರಿಚಿತರಿಬ್ಬರ ಅಂಗಡಿಗೆ ಸಲ್ಲುವ ಈ ನ್ಯಾಯ ಸಪ್ತಪದಿ ತುಳಿದವರಿಗೆ ಸಲ್ಲಬೇಕಾದರೆ ಛಾಪಾ ಕಾಗದ ಬೇಕೆಂಬುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ನೆರೆಯಲ್ಲೇ ಬೇರೊಂದು ಕ್ರಮವಿದೆ. ಕಾರವಾರದಿಂದ ಕಾಳಿ ನದಿಯನ್ನು ದಾಟಿ ಗೋವೆಯನ್ನು ಹೊಕ್ಕರೆ, 1867ರ ಪೋರ್ಚುಗೀಸ್ ಸಂಹಿತೆಯಿಂದ ಬಂದ ಕುಟುಂಬ ನ್ಯಾಯ ಇಂದಿಗೂ ನಡೆಯುತ್ತಿದೆ. ಮದುವೆಗೆ ಮುನ್ನ ಬೇರೆ ಒಪ್ಪಂದ ಬರೆದಿಡದಿದ್ದರೆ ಸಾಮಾನ್ಯವಾಗಿ ದಂಪತಿಗಳ ಸೊತ್ತು ಇಬ್ಬರದೂ ಹೌದು, ಇಬ್ಬರಿಗೂ ಅರ್ಧರ್ಧ. ಸ್ಥಿರಾಸ್ತಿಯನ್ನು ಮಾರಲು ಹೆಂಡತಿಯ ಒಪ್ಪಿಗೆಯೂ ಬೇಕು.

ಅದು ಪರದೇಶದಿಂದ ಬಂದದ್ದು, ನಮ್ಮ ಸಂಪ್ರದಾಯಕ್ಕೆ ಒಗ್ಗದು ಎನ್ನುವವರುಂಟು. ಸಂಪ್ರದಾಯದ ಮಾತೇ ಬಂದರೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನನ್ನು ನೆನೆಯಬೇಕು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆಯುವಾಗ ಆತ ಸ್ತ್ರೀಧನದ ಪಟ್ಟಿಯ ಕೊನೆಗಿದ್ದ ‘ಆದ್ಯ’, ಎಂದರೆ ‘ಮೊದಲಾದ’, ಎಂಬ ಪುಟ್ಟ ಮಾತನ್ನು ಹಿಡಿದು ನಿಂತ. ದಾಯವಾಗಿ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದದ್ದನ್ನೆಲ್ಲ ಅದರೊಳಕ್ಕೆ ತಂದ. ವ್ಯಾಕರಣ ಬಲ್ಲವನ ಕೈಗೆ ಧರ್ಮಶಾಸ್ತ್ರ ಸಿಕ್ಕರೆ ಏನಾದೀತೆಂಬುದಕ್ಕೆ ಇದಕ್ಕಿಂತ ಪ್ರಿಯವಾದ ನಿದರ್ಶನ ನನಗೆ ತಿಳಿಯದು. ಬ್ರಿಟಿಷರ ಕಾಲದ ನ್ಯಾಯಪೀಠಗಳು ಆ ವಿಸ್ತಾರವನ್ನು ಮತ್ತೆ ಮೊಟಕುಗೊಳಿಸಿದವು. ಕಾತ್ಯಾಯನನಾದರೋ, ಹೆಣ್ಣು ಕೈಕಸುಬಿನಿಂದ ಗಳಿಸಿದ್ದರ ಮೇಲೆ ಗಂಡನಿಗೇ ಒಡೆತನವೆಂದಿದ್ದ. ಅಚ್ಚುಕೂಟದ ಖಾತೆಯಲ್ಲಿ ಇಂದಿಗೂ ಕಾತ್ಯಾಯನನ ಶಾಸನವೇ ನಡೆಯುತ್ತಿರುವಂತಿದೆ.

ವಿಚ್ಛೇದಿತೆಗೆ ಗಂಡನ ಸ್ಥಿರಾಸ್ತಿಯ ಮೇಲೂ ಹಕ್ಕು ದೊರಕಿಸಲೆಳಸಿದ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತು. ಮರುವರ್ಷ ಲೋಕಸಭೆಯ ಅವಧಿಯೊಡನೆ ಅದೂ ಮುಗಿಯಿತು. ಮದರಾಸು ಹೈಕೋರ್ಟು 2023ರಲ್ಲಿ, ಗಂಡನು ಹೊರದೇಶದಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ, ಮನೆವಾರ್ತೆ ನಡೆಸಿದ ಹೆಂಡತಿಗೂ ಸಮಪಾಲುಂಟೆಂದು ಹೇಳಿತು. ಅದು ವಿಚ್ಛೇದನದ ಮೊಕದ್ದಮೆಯಲ್ಲ. ಆದರೂ ಸಂಬಳವಿಲ್ಲದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದದ್ದು ಸಣ್ಣ ಮಾತಲ್ಲ.

ಆ ತೀರ್ಪನ್ನು ಮುಂದಿಟ್ಟುಕೊಂಡು ಅಚ್ಚುಕೂಟದಾಕೆ ನ್ಯಾಯಾಲಯಕ್ಕೆ ಹೋದಳೆನ್ನಿ. ನೀನು ದುಡಿದದ್ದಕ್ಕೆ ಸಾಕ್ಷ್ಯವೇನು ಎಂದು ಎದುರು ವಕೀಲರು ಕೇಳುತ್ತಾರೆ. ಅವಳು ತಿದ್ದಿದ ಕರಡುಗಳು ಪುಸ್ತಕ ಹೊರಬಿದ್ದ ವಾರವೇ ರದ್ದಿಗೆ ಹೋಗಿವೆ. ಬಾಕಿಯ ವಹಿಗಳಲ್ಲಿ ಅವಳ ಕೈಬರಹವಿದೆ. ಆ ವಹಿಗಳು ಗಿರಾಕಿಗಳ ವಿಳಾಸಪಟ್ಟಿಯ ಜೊತೆಗೆ ಈಗ ಕೊಂಡವನ ಕಪಾಟಿನಲ್ಲಿವೆ.