ಸರೋವರದ ದಂಡೆಯ ಬೇಸಿಗೆ ಮನೆ: ಆಸೆ ಮತ್ತು ಲೆಕ್ಕ





ಬರ್ಲಿನ್ನಿನಲ್ಲಿ ನೆಲೆಸಿದ ನಮ್ಮಂಥವರಿಗೆ ಮೇ ತಿಂಗಳು ಬಂದೊಡನೆ ಒಂದು ಆಸೆ ಚಿಗುರುತ್ತದೆ. ನಗರವನ್ನು ಸುತ್ತುವರಿದ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ 3,000ಕ್ಕೂ ಹೆಚ್ಚು ಸರೋವರಗಳಿವೆ. ಅವುಗಳಲ್ಲೊಂದರ ದಂಡೆಯ ಮೇಲೆ ಪುಟ್ಟ ಮನೆ, ಮಕ್ಕಳಿಗೆ ಈಜು, ನಮಗೆ ಅಂಗೈಯಗಲ ಮಣ್ಣು, ನಾಲ್ಕು ಮೆಣಸಿನ ಗಿಡ. ಈ ಆಸೆ ನಮ್ಮನ್ನೂ ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮನೆಯನ್ನು ನೋಡಿ, ಮನಸೋತು, ಮುಂಗಡ ಕೊಡುವ ತನಕ ಹೋಗಿದ್ದೆವು. ಅಲ್ಲಿ ಕಲಿತುದನ್ನೇ ಇಂದು ಹಂಚಿಕೊಳ್ಳುತ್ತೇವೆ.

ಆ ಮನೆಯ ಬೆಲೆ ಅಚ್ಚರಿಪಡುವಷ್ಟು ಕಡಿಮೆಯಿತ್ತು. ಕಾರಣ ಪತ್ರಗಳನ್ನು ಓದಿದಾಗ ತಿಳಿಯಿತು: ಮಾರಾಟಕ್ಕಿದ್ದುದು ಮನೆ ಮಾತ್ರ, ನೆಲವಲ್ಲ. ಪೂರ್ವ ಜರ್ಮನಿಯ ಕಾಲದಲ್ಲಿ ಜನರು ಗುತ್ತಿಗೆಯ ನೆಲದಲ್ಲಿ ವಾರಾಂತ್ಯದ ಮನೆಗಳನ್ನು ಕಟ್ಟಿಕೊಂಡರು. ಇವನ್ನು ‘ದಾಚೆ’ ಎನ್ನುತ್ತಾರೆ. 1990ರ ಏಕೀಕರಣದ ನಂತರ ಮನೆ ಒಬ್ಬರದು, ನೆಲ ಇನ್ನೊಬ್ಬರದು ಎಂಬ ತೊಡಕು ಉಳಿಯಿತು. 1995ರಲ್ಲಿ ಜಾರಿಗೆ ಬಂದ ಕಾಯಿದೆ ಹಳೆಯ ಗುತ್ತಿಗೆದಾರರಿಗೆ ರಕ್ಷಣೆಯಿತ್ತಿತು. ಆ ವಿಶೇಷ ರಕ್ಷಣೆಯ ಅವಧಿ ಸಾಮಾನ್ಯವಾಗಿ 2015ರ ಅಕ್ಟೋಬರ್ 3ಕ್ಕೆ ಮುಗಿದಿದೆ. ಇಂಥ ಮನೆಗೆ ಭೂದಾಖಲೆಯಲ್ಲಿ ಅಡಮಾನ ಬರೆಯಲಾಗದು. ಆದುದರಿಂದ ಸಾಮಾನ್ಯ ಗೃಹಸಾಲವೂ ದೊರೆಯದು. ಗುತ್ತಿಗೆ ಮುಗಿದರೆ ಮನೆಯ ಗತಿಯೇನೆಂಬುದನ್ನು ಕೊಳ್ಳುವ ಮೊದಲೇ ತಿಳಿಯಬೇಕು.

ನೆಲಸಹಿತವಾಗಿ ಕೊಳ್ಳುವುದಾದರೆ ಲೆಕ್ಕ ಬೇರೆ. ವಿದೇಶಿಯರು ಆಸ್ತಿ ಕೊಳ್ಳಲು ಜರ್ಮನಿಯಲ್ಲಿ ಅಡ್ಡಿಯಿಲ್ಲ. ಆದರೆ ವರ್ಗಾವಣೆ ತೆರಿಗೆ ಬವೇರಿಯದಲ್ಲಿ ಶೇಕಡ 3.5 ಇದ್ದರೆ ಬ್ರಾಂಡೆನ್‌ಬುರ್ಗಿನಲ್ಲಿ 6.5. ಉದಾಹರಣೆಗೆ 1,20,000 ಯೂರೋ ಬೆಲೆಯ ಮನೆಯನ್ನು ತೆಗೆದುಕೊಳ್ಳೋಣ. ತೆರಿಗೆ 7,800, ನೋಟರಿ ಮತ್ತು ನೋಂದಣಿಗೆ ಶೇಕಡ ಎರಡರಂತೆ 2,400, ದಲ್ಲಾಳಿ ಶೇಕಡ 3.57 ಕೇಳಿದರೆ 4,284. ಒಟ್ಟು 14,484 ಯೂರೋ, ಬಾಗಿಲಿನ ಬೀಗ ತೆಗೆಯುವ ಮೊದಲೇ.

ಆಮೇಲೆ ವರ್ಷವರ್ಷದ ಖರ್ಚು: ಭೂಕಂದಾಯ, ವಿಮೆ, ಕಸದ ಶುಲ್ಕ, ದುರಸ್ತಿ. ಇವುಗಳ ಜೊತೆಗೆ ಅನೇಕ ಊರುಗಳಲ್ಲಿ ಎರಡನೆಯ ಮನೆಯ ತೆರಿಗೆಯೂ ಉಂಟು. ಇದನ್ನು ಮೊದಲು ವಿಧಿಸಿದ್ದು ಬೋಡನ್ ಸರೋವರದ ದಂಡೆಯ ಊಬರ್‌ಲಿಂಗೆನ್ ಪಟ್ಟಣ. ಸ್ಥಳೀಯರನ್ನು ಬಿಟ್ಟು ಹೊರಗಿನವರಿಗೆ ಮಾತ್ರ ವಿಧಿಸಬಾರದೆಂದು 1983ರಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತಾದರೂ, ತೆರಿಗೆಯ ಅಧಿಕಾರವನ್ನು ಎತ್ತಿಹಿಡಿಯಿತು.

ಇಷ್ಟಾದರೂ ನಾವು ಎದೆಗುಂದಿರಲಿಲ್ಲ. ನಮ್ಮನ್ನು ತಡೆದುದು ಅಡಿಗೆಮನೆಯ ಗೋಡೆಯ ಪಂಚಾಂಗ. ಇಂಥ ಮನೆಗಳಲ್ಲಿ ಚಳಿಗಾಲಕ್ಕೆ ನೀರಿನ ಕೊಳವೆ ಮುಚ್ಚುವುದು ಸಾಮಾನ್ಯ. ಬಳಸಲು ಉಳಿಯುವುದು ಬೇಸಿಗೆ. ಮಕ್ಕಳ ಶಾಲೆಗೆ ದೀರ್ಘ ರಜೆ ಬರುವುದೂ ಆ ಬೇಸಿಗೆಯ ಆರು ವಾರಗಳಲ್ಲಿಯೇ, ನಾವು ಊರಿಗೆ ಹೋಗುವುದೂ ಅದೇ ವಾರಗಳಲ್ಲಿ. ಅಲ್ಲಿ ವಯಸ್ಸಾದ ಅಮ್ಮ ವರ್ಷವೆಲ್ಲ ಆ ದಿನಗಳಿಗಾಗಿ ಕಾಯುತ್ತಾರೆ. ಉಳಿದ ವಾರಾಂತ್ಯಗಳನ್ನು ಕೂಡಿಸಿ ನೋಡಿದೆವು: 28 ರಾತ್ರಿಗಳು. ಖರ್ಚಿಗೆ ವರ್ಷಕ್ಕೆ 3,000, ತೊಡಗಿಸಿದ ಹಣಕ್ಕೆ ಶೇಕಡ ಮೂರರಂತೆ ಬಡ್ಡಿ 4,000 ಎಂದಿಟ್ಟುಕೊಂಡರೆ, ಒಂದು ರಾತ್ರಿಗೆ 250 ಯೂರೋ ಬೀಳುತ್ತದೆ. ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ಬೀಗ ಹಾಕಿದ ಮನೆಯ ಲೆಕ್ಕ ಹೇಳಿರಲಿಲ್ಲ!

ಹೆತ್ತವರೇ ಬೇಸಿಗೆಯಲ್ಲಿ ಇಲ್ಲಿಗೆ ಬಂದು ತಂಗುವ ಕುಟುಂಬಕ್ಕೆ, ಅಥವಾ ನಿವೃತ್ತರಿಗೆ, ರಾತ್ರಿಗಳ ಸಂಖ್ಯೆ ಹೆಚ್ಚುತ್ತದೆ. ಅವರು ಕೊಂಡರೆ ತಪ್ಪಿಲ್ಲ. ನಮ್ಮ ವಿಚಾರದಲ್ಲಿ ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬೇಕು. ನಮಗೆ ಬೇಕಾಗಿದ್ದುದು ಬಹುಶಃ ಸರೋವರವಲ್ಲ, ಊರಿನ ತೋಟ. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ನಿರ್ಬಂಧವನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಆದರೆ ಅನಿವಾಸಿಗಳು ಕೃಷಿಭೂಮಿಯನ್ನಾಗಲಿ ತೋಟದ ಮನೆಯನ್ನಾಗಲಿ ಕ್ರಯಕ್ಕೆ ಪಡೆಯಬಾರದೆಂಬ ಭಾರತದ ವಿದೇಶಿ ವಿನಿಮಯ ನಿಯಮ ಹಾಗೆಯೇ ಇದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಲ್ಲಿ ಕೊಳ್ಳಲಾಗದ್ದನ್ನು ಇಲ್ಲಿ ಕೊಳ್ಳಹೊರಟಿದ್ದೆವು.

ಮಣ್ಣಿನ ಆಸೆಗೆ ಇಲ್ಲಿ ಅಗ್ಗದ ದಾರಿಯೊಂದಿದೆ: ಸಂಘಗಳು ಗೇಣಿಗೆ ಕೊಡುವ ಕಿರುತೋಟ, ‘ಕ್ಲೈನ್‌ಗಾರ್ಟನ್’. 1983ರ ಕಾಯಿದೆಯಂತೆ ಅದು 400 ಚದರ ಮೀಟರ್ ಮೀರಬಾರದು, ಗುಡಿಸಲು 24 ಚದರ ಮೀಟರ್ ದಾಟಬಾರದು, ವಾಸಕ್ಕೆ ಬಳಸಬಾರದು. ಗೇಣಿಗೂ ಕಾನೂನಿನ ಮಿತಿಯಿದೆ. ನೀರಿನ ಆಸೆಗಂತೂ ಕ್ರಯಪತ್ರವೇ ಬೇಡ. ಸರೋವರಗಳ ದಾರಿಯನ್ನು ಸರ್ವರಿಗೂ ತೆರೆದಿಡುವುದು ಸರ್ಕಾರದ ಕರ್ತವ್ಯವೆಂದು ಬ್ರಾಂಡೆನ್‌ಬುರ್ಗಿನ 1992ರ ಸಂವಿಧಾನವೂ ಬವೇರಿಯದ 1946ರ ಸಂವಿಧಾನವೂ ಹೇಳುತ್ತವೆ. ಬರ್ಲಿನ್ನಿನ ವಾನ್‌ಜೇ ಸರೋವರದ ಸಾರ್ವಜನಿಕ ಸ್ನಾನತೀರ 1907ರಿಂದಲೂ ಇದೆ. ನಮ್ಮ ಊರುಗಳ ಕೆರೆಯಂತೆ ಇದೂ ಎಲ್ಲರದು.

ನಾವು ಮುಂಗಡ ಕೊಡಲಿಲ್ಲ. ಊರಿನಿಂದ ಮರಳಿದ ಮೇಲೆ ಒಂದು ವಾರಕ್ಕೆ ದಂಡೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತೇವೆ. ಮಕ್ಕಳು ಅದೇ ನೀರಿನಲ್ಲಿ ಈಜುತ್ತಾರೆ.

ಕೊಳ್ಳಬಯಸುವ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ನೆಲ ಯಾರದು, ನೀರು ಎಷ್ಟು ತಿಂಗಳು ಬರುತ್ತದೆ, ನಾವು ಎಷ್ಟು ರಾತ್ರಿ ಇರುತ್ತೇವೆ, ಈ ಮೂರನ್ನು ಮೊದಲು ಕೇಳಿ. ಬೆಲೆಯ ಮಾತು ಆಮೇಲೆ.