ದುಡ್ಡು ಕೊಡೋರು ಒಬ್ಬರು, ಓದೋರು ಇನ್ನೊಬ್ಬರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ದಾವಣಗೆರೆಯಲ್ಲಿ ಪುಟ್ಟದೊಂದು ಜಾಹೀರಾತು ಮತ್ತು ಡಿಸೈನ್ ಏಜೆನ್ಸಿ ನಡೆಸುವ ಯುವಕರೊಬ್ಬರ ಮಾತು, ಅವರದೇ ದನಿಯಲ್ಲಿ.)

ಒಂದು ಸಣ್ಣ ಕೆಲಸ ಮಾಡಿ. ಕೂತಲ್ಲಿಂದಲೇ ಸುತ್ತ ಒಮ್ಮೆ ನೋಡಿ. ಎಷ್ಟು ಅಕ್ಷರ ಕಾಣ್ತಿವೆ? ಅಂಗಡಿ ಬೋರ್ಡು, ಚಿಪ್ಸ್ ಪ್ಯಾಕೆಟ್ಟು, ಕಂಬಕ್ಕೆ ಅಂಟಿಸಿರೋ ಟ್ಯೂಷನ್ ಪೋಸ್ಟರ್. ಅದನ್ನೆಲ್ಲ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಜೋಡಿಸಿರ್ತಾರೆ. ಆ 'ಯಾರೋ ಒಬ್ಬರು' ನಾನು.

ಏಜೆನ್ಸಿ ಅಂದ ತಕ್ಷಣ ಗಾಜಿನ ಆಫೀಸು ಅಂದ್ಕೋಬೇಡಿ. ನಮ್ಮದು ಮೊದಲನೇ ಮಹಡಿಯ ಒಂದು ರೂಮು. ಮೂರು ಜನ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಕೆಳಗೆ ಟೀ ಅಂಗಡಿ, ಅದೇ ನಮ್ಮ ಮೀಟಿಂಗ್ ಹಾಲ್. ವಿಸಿಟಿಂಗ್ ಕಾರ್ಡ್, ಲೇಬಲ್, ಬೋರ್ಡು, ಕರಪತ್ರ, ಇನ್‌ಸ್ಟಾಗ್ರಾಂ ಪೋಸ್ಟ್, ಮದುವೆ ಕಾರ್ಡ್, ಬಂದದ್ದೆಲ್ಲ ಮಾಡ್ತೀವಿ.

ನಮ್ಮೂರಲ್ಲಿ ಬೆಣ್ಣೆ ದೋಸೆಯಷ್ಟೇ ಹೆಸರು ಮಂಡಕ್ಕಿಗೂ ಇದೆ. ಮಂಡಕ್ಕಿ ಭಟ್ಟಿ ನಡೆಸೋ ಒಂದು ಮನೆಯವರು ಒಮ್ಮೆ ಬಂದ್ರು. ಅಪ್ಪ ಜೀವನಪೂರ್ತಿ ಚೀಲದ ಲೆಕ್ಕದಲ್ಲಿ ಮಾರಿದವರು. ಮಗಳಿಗೆ ಖಾರ ಮಂಡಕ್ಕಿಯನ್ನ ಪ್ಯಾಕೆಟ್ ಮಾಡಿ ಮಾರಬೇಕು ಅಂತ ಆಸೆ. ಅಪ್ಪನದ್ದು ಒಂದೇ ಮಾತು: "ದೇವರ ಫೋಟೋ ದೊಡ್ಡದಾಗಿ ಬರಲಿ ತಮ್ಮಾ, ಉಳಿದಿದ್ದು ನೀನೇ ನೋಡ್ಕೋ."

ಆ 'ಉಳಿದಿದ್ದು' ಇದೆಯಲ್ಲ, ಅದೇ ಅಸಲಿ ಕೆಲಸ. ಒಳಗೆ ಏನೇನು ಹಾಕಿದ್ದಾರೆ, ತೂಕ ಎಷ್ಟು, ಎಂಆರ್‌ಪಿ ಎಷ್ಟು, ಯಾವತ್ತು ಮಾಡಿದ್ದು, ಯಾವತ್ತಿನವರೆಗೆ ತಿನ್ನಬಹುದು, ಮಾಡಿದವರ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್. ಇದರಲ್ಲಿ ಒಂದು ತಪ್ಪಿದ್ರೂ ಅಂಗಡಿಯವರು ಮಾಲು ವಾಪಸ್ ಕಳಿಸ್ತಾರೆ. ಅಚ್ಚಾದ ಕವರ್‌ಗಳೆಲ್ಲ ರದ್ದಿಗೆ. ಸಣ್ಣ ವ್ಯಾಪಾರಕ್ಕೆ ಅದು ತಡೆಯೋ ಪೆಟ್ಟಲ್ಲ. ಡಿಸೈನ್‌ಗೆ ಒಂದು ದಿನ ಸಾಕಾಯ್ತು. ಈ ವಿವರಗಳನ್ನ ಸರಿಯಾಗಿ ಕೂರಿಸೋಕೆ, ಅವರಿಗೆ ಅರ್ಥ ಮಾಡಿಸೋಕೆ ಒಂದು ವಾರ. ದೇವರೂ ಇದ್ದಾರೆ, ಮೇಲ್ಗಡೆ ಮೂಲೆಯಲ್ಲಿ, ಚಿಕ್ಕದಾಗಿ. ಅಪ್ಪ ಇವತ್ತಿಗೂ ಆ ಬಗ್ಗೆ ಗೊಣಗ್ತಾರೆ.

ಈಗ ನನ್ನ ತಪ್ಪಿನ ಕಥೆ. ಇದನ್ನ ಹೇಳದೆ ಬೇರೆಯದನ್ನ ಹೇಳೋಕೆ ನನಗೆ ಹಕ್ಕಿಲ್ಲ.

ಕೆಲಸ ಶುರು ಮಾಡಿದ ಎರಡನೇ ವರ್ಷ. ಒಂದು ಉಚಿತ ಕಣ್ಣಿನ ತಪಾಸಣೆ ಶಿಬಿರದ ಕರಪತ್ರ ಬಂತು. ಸೇವೆ ಕೆಲಸ, ದುಡ್ಡು ಬೇಡ ಅಂದೆ. ದುಡ್ಡಿಲ್ಲದ ಕೆಲಸ ಅಂತ ಅವಸರದಲ್ಲೇ ಮುಗಿಸಿದೆ. ಹಿಂದಿನ ವರ್ಷದ ಫೈಲ್ ತೆಗೆದು ಹೆಸರು ಬದಲಿಸಿದೆ, ಫೋಟೋ ಬದಲಿಸಿದೆ, ದಿನಾಂಕ ಬದಲಿಸೋದು ಮರೆತೆ. ವಾರ ಸರಿ ಇತ್ತು, ತಾರೀಕು ಹಳೇದು. ಶಿಬಿರ ನಡೆಯೋದಕ್ಕೆ ಒಂದು ವಾರ ಮೊದಲೇ, ಆ ತಾರೀಕು ನಂಬಿಕೊಂಡು ಹಳ್ಳಿಗಳಿಂದ ಜನ ಬಂದ್ರು. ನನಗೆ ಫೋನ್ ಬಂತು, ಓಡಿದೆ. ಶಾಲೆ ಗೇಟಿಗೆ ಬೀಗ. ಹೊರಗೆ ಕಟ್ಟೆ ಮೇಲೆ ಒಬ್ಬ ಅಜ್ಜಿ, ಕೈಯಲ್ಲಿ ಬುತ್ತಿ ಚೀಲ. ನಾನೇ ಅದನ್ನ ಮಾಡಿದವನು ಅಂತ ಗೊತ್ತಿಲ್ಲದೆ ಕರಪತ್ರ ನನ್ನ ಮುಂದೆ ಹಿಡಿದು, "ನನಗೆ ಕಣ್ಣು ಸರಿಯಾಗಿ ಕಾಣಲ್ಲಪ್ಪ, ಇದರಲ್ಲಿ ಇವತ್ತು ಅಂತಲೇ ಇದೆ ಅಲ್ವಾ?" ಅಂತ ಕೇಳಿದ್ರು.

ನಾನು ಹೌದು ಅಜ್ಜಿ ಅಂದೆ. ಬೇರೆ ಏನು ಹೇಳಲಿ?

ಅವತ್ತು ನನಗೆ ಒಂದು ವಿಷಯ ತಲೆಗೆ ಹೋಯ್ತು. ನಮ್ಮ ಕೆಲಸದಲ್ಲಿ ಇಬ್ಬರು ಗಿರಾಕಿಗಳಿರ್ತಾರೆ. ಒಬ್ಬರು ದುಡ್ಡು ಕೊಡೋರು, ಅವರು ನಮ್ಮ ಎದುರು ಕುರ್ಚಿ ಮೇಲೆ ಕೂತಿರ್ತಾರೆ. ಇನ್ನೊಬ್ಬರು ಓದೋರು. ಅವರು ನಮ್ಮ ಆಫೀಸಿಗೆ ಯಾವತ್ತೂ ಬರಲ್ಲ, ಆದ್ರೆ ನಾವು ಬರೆದಿದ್ದನ್ನ ನಂಬಿ ಬಸ್ ಹತ್ತುತ್ತಾರೆ. ಅವತ್ತಿಂದ ಆಫೀಸಲ್ಲಿ ಒಂದು ನಿಯಮ. ಏನೇ ಅಚ್ಚಿಗೆ ಹೋಗೋ ಮೊದಲು ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಕ್ಯಾಲೆಂಡರ್ ಹಿಡಿದು ಕೇಳಬೇಕು. ಪುಕ್ಕಟೆ ಕೆಲಸ ಆದ್ರೆ ಎರಡು ಸಲ.

ಆ ನಿಯಮಕ್ಕಿಂತ ದೊಡ್ಡ ಪರೀಕ್ಷೆ ಆಮೇಲೆ ಬಂತು. ಒಬ್ಬರು ಬಂದ್ರು, ಒಳ್ಳೇ ಕಾರು, ಒಳ್ಳೇ ಮಾತು. ಒಂದು ಪುಡಿ. ಇಷ್ಟು ದಿನ ತಿಂದ್ರೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿ, ಮಾತ್ರೆ ಬಿಟ್ಟುಬಿಡಿ ಅಂತ ಹಾಕಬೇಕು. ಲೇಬಲ್, ಪೋಸ್ಟರ್, ರೀಲ್ಸ್, ಎಲ್ಲ ಸೇರಿ ಆರು ತಿಂಗಳ ಕೆಲಸ. ಅಡ್ವಾನ್ಸ್ ಟೇಬಲ್ ಮೇಲೇ ಇಟ್ರು. ಅವಾಗ ನಮ್ಮ ರೂಮಿನ ಬಾಡಿಗೆ ಮೂರು ತಿಂಗಳದ್ದು ಬಾಕಿ.

ನಮ್ಮ ಜೊತೆಗಾರ ಹೇಳಿದ, "ಅಣ್ಣಾ, ಔಷಧಿ ಮಾಡೋರು ಅವರು. ನಾವು ಬರೀ ಡಿಸೈನ್ ಮಾಡೋರು. ನಮಗೇನು?"

ಇದು ನಮ್ಮ ಫೀಲ್ಡಲ್ಲಿ ಎಲ್ಲರೂ ಹೇಳೋ ಮಾತು. ಆದ್ರೆ ಕಾನೂನು ಹಾಗೆ ಹೇಳಲ್ಲ. 1954ರಲ್ಲೇ ಬಂದ ಒಂದು ಕೇಂದ್ರ ಕಾಯ್ದೆ ಇದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಕೆಲವು ಕಾಯಿಲೆಗಳ ಪಟ್ಟಿ ಕೊಟ್ಟು, ಇವುಗಳನ್ನ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡಬಾರದು ಅನ್ನುತ್ತೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ, ಕ್ಯಾನ್ಸರ್ ಇದೆ. ಅಂಥ ಜಾಹೀರಾತು ಹೊರಬರೋದ್ರಲ್ಲಿ ಯಾರೂ ಪಾಲು ತಗೋಬಾರದು ಅಂತಲೂ ಇದೆ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು. ಗ್ರಾಹಕರನ್ನ ದಾರಿ ತಪ್ಪಿಸೋ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲೂ ಜಾಹೀರಾತು ಏಜೆನ್ಸಿಗಳನ್ನ ಸೇರಿಸಿದ್ದಾರೆ.

ನಿಜ ಹೇಳ್ಲಾ? ನಾನು ಬೇಡ ಅಂದಿದ್ದು ಕಾನೂನಿಗೆ ಹೆದರಿ ಅಲ್ಲ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ. ಆ ಪೋಸ್ಟರ್ ಓದಿ ಮಾತ್ರೆ ಬಿಡೋ ಮೊದಲನೇ ಮನುಷ್ಯ ಅವರೇ. ಅದೂ ಮಗ ಮಾಡಿದ ಪೋಸ್ಟರ್ ಅಂದ್ರೆ ಕೇಳೋದೇ ಬೇಡ. ಅಡ್ವಾನ್ಸ್ ವಾಪಸ್ ಕೊಟ್ಟೆ. ಬಾಡಿಗೆ ಕಟ್ಟೋಕೆ ಬೈಕ್ ಮಾರಿದೆ. ಜೊತೆಗಾರ ಎರಡು ವಾರ ಸರಿಯಾಗಿ ಮಾತಾಡ್ಲಿಲ್ಲ. ಆ ಪುಡಿ ಪೋಸ್ಟರ್ ಬೇರೆ ಎಲ್ಲೋ ಅಚ್ಚಾಗಿ ಊರ ತುಂಬ ಅಂಟಿತ್ತು. ಹಾಗಾಗಿ ನಾನೇನೋ ಗೆದ್ದೆ ಅಂತ ಹೇಳ್ತಿಲ್ಲ. ರಾತ್ರಿ ಅಪ್ಪನ ಪಕ್ಕ ಕೂತು ಊಟ ಮಾಡೋಕೆ ಆಗ್ತಿತ್ತು, ಅಷ್ಟೇ.

ಇನ್ನು ರಾತ್ರಿ ಹತ್ತೂವರೆ ಮೇಲೆ ಬರೋ ಫೋನ್‌ಗಳು. ಅವು ಸಾಮಾನ್ಯವಾಗಿ ಶ್ರದ್ಧಾಂಜಲಿಗೆ. "ಅಣ್ಣಾ, ಬೆಳಿಗ್ಗೆ ಏಳಕ್ಕೆ ಬೇಕಿತ್ತು." ವಾಟ್ಸಾಪಲ್ಲಿ ಒಂದು ಫೋಟೋ ಬರುತ್ತೆ. ಮದುವೆ ಗ್ರೂಪ್ ಫೋಟೋದ ಹಿಂದಿನ ಸಾಲಲ್ಲಿ ಅರ್ಧ ಮುಖ, ಇಲ್ಲಾ ಆಧಾರ್ ಕಾರ್ಡಿನ ಮಸುಕು ಫೋಟೋ. ಎಷ್ಟೋ ಹಿರಿಯರಿಗೆ ಒಂಟಿ ಫೋಟೋನೇ ಇರಲ್ಲ. ಹಿಂದೆ ಇರೋರನ್ನ ಅಳಿಸಿ, ಮುಖ ಸ್ವಲ್ಪ ತಿಳಿ ಮಾಡಿ, ಹಾರ ಹಾಕಿ ಕಳಿಸ್ತೀವಿ. ಮುಖ ಹೊಳೆಯೋ ಹಾಗೆ ಮಾಡೋ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಆದ್ರೆ ಸುಕ್ಕು ತೆಗೆದ್ರೆ ಮನೆಯವರಿಗೆ ಅದು ಅವರ ಅಮ್ಮ ಅಂತ ಅನಿಸಲ್ಲ. ಅದಕ್ಕೆ ಸುಕ್ಕು ಹಾಗೇ ಬಿಡ್ತೀವಿ. ಈ ಕೆಲಸಕ್ಕೆ ಕಾಗದ, ಪ್ರಿಂಟಿನ ಖರ್ಚು ಬಿಟ್ಟು ಏನೂ ತಗೊಳ್ಳಲ್ಲ.

ಇದನ್ನೆಲ್ಲ ಬಟ್ಟೆ ಅಥವಾ ಕಾಗದದ ಮೇಲೆ ಮಾಡೋಣ ಅಂತೀವಿ. ಕರ್ನಾಟಕದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧ ಆಗಿದೆ, ಬೀದಿ ನೋಡಿದ್ರೆ ಹಾಗೆ ಅನಿಸಲ್ಲ ಬಿಡಿ. ಅಂಗಡಿ ಶಟರ್, ಗೋಡೆ ಬರಹ ಇದ್ರೆ ಕುಂಚ ಹಿಡಿಯೋ ಹಳೇ ಆರ್ಟಿಸ್ಟ್ ಒಬ್ಬರನ್ನ ಕರೀತೀವಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳ್ಕೊಂಡವರು ಅವರು.

ಕನ್ನಡದ ವಿಷಯಕ್ಕೆ ಬರ್ತೀನಿ. 2024ರಲ್ಲಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ಕಾಯ್ದೆ ತಿದ್ದುಪಡಿ ಆಯ್ತಲ್ಲ, ಆಗ ಅಂಗಡಿಯವರು ಓಡೋಡಿ ಬಂದ್ರು. ಫೋನಲ್ಲೇ ಅನುವಾದ ಮಾಡ್ಕೊಂಡು ಬಂದಿರ್ತಿದ್ರು. ಡ್ರೈ ಕ್ಲೀನರ್ಸ್ ಹೋಗಿ 'ಒಣ ಶುಚಿಕಾರಕರು' ಆಗಿತ್ತು! ಜನ ಯಾವ ಹೆಸರಿಂದ ಕರೀತಾರೋ ಅದನ್ನೇ ಕನ್ನಡ ಅಕ್ಷರದಲ್ಲಿ ಬರೀರಿ ಸಾರ್ ಅಂದೆ. ಇನ್ನು ಯೂನಿಕೋಡ್ ಅಕ್ಷರವನ್ನ ಹಳೇ ಸಾಫ್ಟ್‌ವೇರ್‌ಗೆ ಹಾಕಿದ್ರೆ ಒತ್ತಕ್ಷರ ಕಳಚಿ ಬೀಳುತ್ತೆ. 'ಅಕ್ಕ' ಅನ್ನೋದು 'ಅಕ್‌ಕ' ಆಗುತ್ತೆ. ಹತ್ತಡಿ ಬೋರ್ಡಲ್ಲಿ ಅದು ಹಾಗೇ ನಿಂತ್ರೆ, ಆಗ ತಾನೇ ಓದೋಕೆ ಕಲೀತಿರೋ ಮಗು ದಿನಾ ಶಾಲೆಗೆ ಹೋಗ್ತಾ ಅದನ್ನೇ ಓದುತ್ತೆ.

ನಿಮ್ಮಲ್ಲಿ ತುಂಬ ಜನ ಫೋನಲ್ಲೇ ಪೋಸ್ಟರ್ ಮಾಡ್ತೀರ. ಕಾಲೇಜ್ ಫೆಸ್ಟ್, ಗಣೇಶನ ಹಬ್ಬ, ರಕ್ತ ಬೇಕಾಗಿದೆ ಅನ್ನೋ ಸ್ಟೇಟಸ್. ಹಾಗಿದ್ರೆ ನೀವೂ ನಮ್ಮ ಕಸುಬಿನವರೇ. ಶೇರ್ ಒತ್ತೋ ಮುಂಚೆ ಒಂದು ಸಲ ಜೋರಾಗಿ ಓದಿ. ತಾರೀಕು, ವಾರ, ಜಾಗ, ಫೋನ್ ನಂಬರ್. ಪಕ್ಕದಲ್ಲಿ ಯಾರಾದ್ರೂ ನಗ್ತಾರೆ, ನಗಲಿ.

ಅಂದ ಹಾಗೆ, ಆ ಅಜ್ಜಿಯನ್ನ ಮುಂದಿನ ವಾರ ನಾನೇ ಶಿಬಿರಕ್ಕೆ ಕರ್ಕೊಂಡು ಬಂದೆ. ಈಗ ಅವರಿಗೆ ಕನ್ನಡಕ ಇದೆ. ನಾನು ಮಾಡಿದ ಕರಪತ್ರ ಕೊಟ್ಟರೆ ಮೊದಲು ತಾರೀಕು ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ.