ತಾರಸಿಯ ಮೇಲೊಂದು ಸೇಬಿನ ಗಿಡ



ಕೆ.ಆರ್. ಮಾರುಕಟ್ಟೆಗೆ ಹೂವು, ಸೊಪ್ಪು, ತರಕಾರಿ ತಂದವರು ಮಾಲು ಮಾರಿದ ಮೇಲೆ ಅವೆನ್ಯೂ ರಸ್ತೆಯಲ್ಲಿ ಒಂದು ಸುತ್ತು ಹಾಕಿಯೇ ಊರಿಗೆ ಹೊರಡುವುದು ವಾಡಿಕೆ. ಮಕ್ಕಳಿಗೆ ಪುಸ್ತಕ ಬೇಕು, ಮನೆಗೆ ನಾಲ್ಕು ಸಾಮಾನು ಬೇಕು. ಹಳಬರ ಬಾಯಲ್ಲಿ ಅದು ದೊಡ್ಡಪೇಟೆ. ಆ ಬೀದಿಯಲ್ಲಿ ನೀವು ಎಂದಾದರೂ ತಲೆ ಎತ್ತಿ ನೋಡಿದ್ದೀರಾ? ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯಲ್ಲಿ ತುಳಸಿ, ಒಡೆದ ಬಕೆಟ್ಟಿನಲ್ಲಿ ಕರಿಬೇವು. ಅಂಗೈಯಗಲ ನೆಲವಿಲ್ಲದವರೂ ಏನಾದರೊಂದು ಬೆಳೆದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳಲ್ಲೂ ಅಣ್ಣತಮ್ಮಂದಿರ ಪಾಲಾಗಿ ಹಿತ್ತಲು ಕಿರಿದಾಗುತ್ತಿದೆಯಲ್ಲ, ಅದಕ್ಕೇ ಈ ಹೊತ್ತು ಈ ಮಾತು.

ಗಿಡ ಮಾರುವವರು ಯಾರಾದರೂ ಬಣ್ಣದ ಚಿತ್ರ ತೋರಿಸಿ, "ನೋಡಿ ಯಜಮಾನರೇ, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಸೇಬು, ಕುಂಡದಲ್ಲೇ ಹಣ್ಣು ಬಿಡುತ್ತೆ" ಅಂದರೆ, ದುಡ್ಡು ತೆಗೆಯುವ ಮೊದಲು ಸ್ವಲ್ಪ ತಡೀರಿ.

ಅಂಥ ಸೇಬು ಇರುವುದು ಸುಳ್ಳಲ್ಲ. 1960ರ ದಶಕದಲ್ಲಿ ಕೆನಡಾ ದೇಶದ ಕೆಲೋನಾ ಎಂಬ ಊರಿನಲ್ಲಿ, ವೀಜಿಕ್ ಎಂಬ ತೋಟಗಾರರ ಹಳೆಯ ಮೆಕಿಂಟಾಷ್ ಸೇಬಿನ ಮರದಲ್ಲಿ ಒಂದು ರೆಂಬೆ ಮಾತ್ರ ವಿಚಿತ್ರವಾಗಿ ಬೆಳೆಯಿತು. ಪಕ್ಕದ ಕೊಂಬೆಗಳೇ ಇಲ್ಲವೆನ್ನಬೇಕು, ಕಾಂಡಕ್ಕೆ ಅಂಟಿಕೊಂಡೇ ಎಲೆ, ಹೂವು, ಕಾಯಿ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದವರು ಅದನ್ನು ಬೇರೆ ತಳಿಗಳೊಡನೆ ಕೂಡಿಸಿ ಹೊಸ ಗಿಡಗಳನ್ನು ಮಾಡಿದರು. ಅಲ್ಲಿಯ ಮನೆಯಂಗಳಗಳಲ್ಲಿ ಅವು ಚೆನ್ನಾಗಿಯೇ ಬರುತ್ತವೆ.

ನಮ್ಮಲ್ಲಿ ತೊಡಕು ಚಳಿಯದು. ಸೇಬು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಮರ. ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿ ಇಷ್ಟು ಗಂಟೆ ಸಿಕ್ಕರೇ ಅದರ ಮೊಗ್ಗು ಎಚ್ಚರಗೊಳ್ಳುವುದು. ಮೆಕಿಂಟಾಷ್ ವಂಶಕ್ಕೆ ಅಂಥ ಚಳಿ ನೂರಾರು ಗಂಟೆ ಬೇಕು. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು! ಹೀಗಿರುವಾಗ ಆ ಕಂಬದ ಸೇಬು ನಮ್ಮ ತಾರಸಿಯಲ್ಲಿ ಎಲೆ ಬಿಟ್ಟೀತು, ಹಣ್ಣಿನ ಆಸೆ ಬೇಡ.

ಹಾಗಾದರೆ ಬೆಂಗಳೂರಿಗೂ ಸೇಬಿಗೂ ನಂಟೇ ಇಲ್ಲವೇ? ಇದೆ. ಹಿಂದೆ ಇಲ್ಲಿಯ ತೋಟಗಳಲ್ಲಿ ರೋಮ್ ಬ್ಯೂಟಿ ಎಂಬ ಸೇಬು ಬೆಳೆಯುತ್ತಿದ್ದರು. ಚಳಿ ಮಾಡಬೇಕಾದ ಕೆಲಸವನ್ನು ಮನುಷ್ಯನ ಕೈ ಮಾಡುತ್ತಿತ್ತು. ನೀರು ನಿಲ್ಲಿಸಿ, ಗಿಡಕ್ಕೆ ವಿಶ್ರಾಂತಿ ಕೊಟ್ಟು, ಆಮೇಲೆ ಗೊಬ್ಬರ ನೀರು ಕೊಟ್ಟು ಎಬ್ಬಿಸುವುದು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಾಟು ಎಂಬ ಊರಿದೆ. ಅಲ್ಲಿಯ ರೈತರು ಕೊಯ್ಲಾದ ಮೇಲೆ ಎಲೆಗಳನ್ನು ಕೈಯಿಂದಲೇ ಕಿತ್ತು, ಅದೇ ರೋಮ್ ಬ್ಯೂಟಿಯಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ.

ಈಗ ಕಡಿಮೆ ಚಳಿ ಸಾಕೆನ್ನುವ ತಳಿಗಳೂ ಬಂದಿವೆ. ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪದ ಡಾರ್ಸೆಟ್ ಗೋಲ್ಡನ್, ಮತ್ತು ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮ ಅವರು ರೂಢಿಗೆ ತಂದ ಎಚ್ಆರ್ಎಂಎನ್-99. ಶರ್ಮ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅನ್ನಾ ಒಂದೇ ಇದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಜೊತೆಗೆ ಡಾರ್ಸೆಟ್ ಗೋಲ್ಡನ್ ಇರಲಿ. ಕಸಿ ಗಿಡವನ್ನೇ ಕೇಳಿ ತನ್ನಿ. ತಿಂದ ಹಣ್ಣಿನ ಬೀಜ ಊರಿದರೆ ತಾಯಿಯ ಗುಣ ಬರುವುದಿಲ್ಲ, ಕಾಯುವುದೂ ಬಹಳ ವರ್ಷ.

ಕುಂಡಕ್ಕೆ 50 ಲೀಟರು ಹಿಡಿಯುವ ಡ್ರಮ್ಮು ಸಾಕು. ತಳದಲ್ಲಿ ನಾಲ್ಕೈದು ತೂತು, ಅದರ ಮೇಲೆ ಹೆಂಚಿನ ಚೂರು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೆರಡು ಹಿಡಿ ಬೇವಿನ ಹಿಂಡಿ. ಕಸಿಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಬೇಕು. ಮರೆಯಬೇಡಿ, ನೀರು ಕುಡಿದ ಡ್ರಮ್ಮು 80 ಕಿಲೋಗೂ ಹೆಚ್ಚು ತೂಗುತ್ತದೆ. ಪೇಟೆಯ ಹಳೇ ಮನೆಗಳ ಮರದ ತೊಲೆಯ ಮದ್ರಾಸು ತಾರಸಿಯಾಗಲಿ, ನಿಮ್ಮೂರಿನ ಹೊಸ ಆರ್.ಸಿ.ಸಿ. ಆಗಲಿ, ನಡುಮಧ್ಯೆ ಇಡಬೇಡಿ. ಕೆಳಗೆ ಗೋಡೆಯಿರುವ ಅಂಚಿನಲ್ಲಿ, ಇಟ್ಟಿಗೆಯ ಮೇಲೆ ಎತ್ತಿ ಇಡಿ. ಮನೆಯೇ ಸೋರಿದರೆ ಸೇಬು ತಿಂದು ಏನು ಸುಖ?

ಕಂಬದ ರೂಪ ಬೇಕೆಂದರೆ ಕತ್ತರಿಯಿಂದ ಮಾಡಿಕೊಳ್ಳಬಹುದು. ನಡುಕಾಂಡವನ್ನು ಬಿದಿರು ಗಳಕ್ಕೆ ಕಟ್ಟಿ ಆಳೆತ್ತರ ಬೆಳೆಸಿ. ಪಕ್ಕದ ಚಿಗುರನ್ನೆಲ್ಲ ಎರಡು ಮೂರು ಕಣ್ಣು ಉಳಿಸಿ ಸವರಿ. ಆ ಮೋಟುಗಳಲ್ಲೇ ಕ್ರಮೇಣ ಹೂಮೊಗ್ಗು ಕೂರುತ್ತದೆ.

ಎರಡು ವರ್ಷ ಗಿಡ ಗಟ್ಟಿಯಾಗಲಿ. ಆಮೇಲೆ ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ, ತೊಟ್ಟು ಉಳಿಸಿ ಎಲೆಗಳನ್ನೆಲ್ಲ ಕೀಳಿ. ಕಣ್ಣಿಗೆ ಪೆಟ್ಟಾಗಬಾರದು. ನೆಲದ ಗಿಡಕ್ಕೆ ಮಾಡಿದಂತೆ ಕುಂಡದ ಗಿಡವನ್ನು ವಾರಗಟ್ಟಲೆ ಒಣಗಿಸಬೇಡಿ. ನಾನು ಹಾಗೆ ಮಾಡಿ ಒಂದು ಒಳ್ಳೇ ಗಿಡವನ್ನು ಸೌದೆ ಮಾಡಿಕೊಂಡವನು. ಮಣ್ಣು ಎರಡು ಬೆರಳು ಆಳ ಒಣಗಿದೊಡನೆ ಒಂದು ಚೊಂಬು ನೀರು ಕೊಡಿ. ಎರಡು ವಾರದ ಮೇಲೆ ಗೊಬ್ಬರ ಹಾಕಿ, ತುಂಬ ನೀರು ಕೊಡಿ. ಮುಂದಿನ ಕೆಲವು ವಾರದಲ್ಲಿ ಹೂವು ಕಾಣಬೇಕು. ಗೊಂಚಲಿಗೆ ಒಂದೇ ಕಾಯಿ ಬಿಟ್ಟು ಮಿಕ್ಕದ್ದು ಚಿವುಟಿ. ಮನೆಯ ಹೆಂಗಸರಿಗೆ ಈ ಕೆಲಸ ಹೇಳಬೇಡಿ ಎನ್ನುವ ಗಂಡಸರುಂಟು. ನನ್ನ ಕಂಡಂತೆ ಅವರ ಕೈಯೇ ಇದಕ್ಕೆ ಮೇಲು.

ಕಾಂಡದಲ್ಲಿ ಬಿಳಿ ಹತ್ತಿಯಂಥದು ಕಂಡರೆ ಅದು ಉಣ್ಣೆಹೇನು. ಹಳೇ ಬಟ್ಟೆಯನ್ನು ಸಾಬೂನು ನೀರಿನಲ್ಲಿ ಅದ್ದಿ ಒರೆಸಿ, ಬೇವಿನೆಣ್ಣೆ ಸಿಂಪಡಿಸಿ.

ಒಂದು ಮಾತು ಖಂಡಿತ. ಇದು ಮನೆಮಂದಿ ತಿನ್ನುವ ಹಣ್ಣು. ಇದನ್ನು ನಂಬಿ ರಾಗಿಯ ಹೊಲಕ್ಕೆ ಸಾಲ ತಂದು ಸೇಬು ನೆಡಬೇಡಿ. ಎರಡು ಡ್ರಮ್ಮು ಇಟ್ಟು ಮೂರು ವರ್ಷ ನೋಡಿ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಗಿಳಿಗಳು ನಿಮಗಿಂತ ಮೊದಲು ಬರುತ್ತವೆ; ಒಂದೊಂದು ಕಾಯಿಗೂ ಹಳೇ ಪಂಚೆಯ ಚೀಲ ಕಟ್ಟಿಬಿಡಿ.